ಮೇಲ್ಸೇತುವೆಯ ಮೇಲೆ ಕಾದು ನಿಂತವರು

ಕಂಪ್ಯೂಟರಿನ ಪರದೆಯ ಮೇಲೆ ನೀಲಿ ಚುಕ್ಕೆಗಳು ಓಡಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಒಬ್ಬ ಪ್ರಯಾಣಿಕ. ಚುಕ್ಕೆ ಮೆಟ್ಟಿಲು ಹತ್ತುತ್ತಿತ್ತು, ಮೇಲ್ಸೇತುವೆ ದಾಟುತ್ತಿತ್ತು, ಆಚೆ ಇಳಿದು ತನ್ನ ಪ್ಲಾಟ್‌ಫಾರ್ಮ್ ಸೇರಿ ಮಾಯವಾಗುತ್ತಿತ್ತು. ಯಾವ ಚುಕ್ಕೆಯೂ ಇನ್ನೊಂದನ್ನು ತಳ್ಳಲಿಲ್ಲ. ಯಾವುದೂ ನಡುದಾರಿಯಲ್ಲಿ ನಿಂತು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಲಿಲ್ಲ, ಬೀಗರು ಸಿಕ್ಕರೆಂದು ಮಾತಿಗೆ ನಿಲ್ಲಲಿಲ್ಲ.

"ನೋಡಿ ಸರ್, ಎಲ್ಲಾ ಹಸಿರು" ಎಂದಳು ಸಲಹಾ ಸಂಸ್ಥೆಯ ಆರ್ಕಿಟೆಕ್ಟ್. ಅಹಮದಾಬಾದಿನಲ್ಲಿ ಓದಿದ ಚುರುಕು ಹುಡುಗಿ. ಜನ ಒತ್ತಾಗಿ ನಿಂತ ಕಡೆ ಪರದೆ ಕೆಂಪಾಗುತ್ತದೆ, ಸಡಿಲವಾಗಿದ್ದರೆ ಹಸಿರಾಗುತ್ತದೆ. ನಮ್ಮ ಸೇತುವೆ ಹೊಸದಾಗಿ ನಾಟಿ ಮಾಡಿದ ಗದ್ದೆಯ ಹಾಗೆ ಕಂಗೊಳಿಸುತ್ತಿತ್ತು.

ಎಲ್ಲ ಸರಿಯಿದೆ ಎಂದು ಯಾರಾದರೂ ಹೇಳಿದರೆ ನನಗೆ ಚಿಂತೆ ಶುರುವಾಗುತ್ತದೆ. ಇದು ಹುಟ್ಟುಗುಣ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು, ಅಷ್ಟಾದ ಮೇಲೂ ಬೀದಿಯ ತುದಿಯಿಂದ ವಾಪಸು ಬರುವವನು ನಾನು. ಇಂಥವನನ್ನು ರೈಲ್ವೆಯವರು ಎಂಜಿನಿಯರ್ ಮಾಡಿ, ಹುಬ್ಬಳ್ಳಿಯಿಂದ ಗುಜರಾತಿಗೆ ವರ್ಗ ಮಾಡಿ, ವರ್ಷಗಟ್ಟಲೆ ಇಲ್ಲೇ ಇಟ್ಟು, ಕೊನೆಗೆ ನೂರು ವರ್ಷ ದಾಟಿದ ಒಂದು ನಿಲ್ದಾಣದ ಸುಧಾರಣೆಯ ಯೋಜನೆಗೆ ಕೂರಿಸಿದ್ದರು. ಅಹಮದಾಬಾದ್, ವಡೋದರ, ಸೂರತ್, ಈ ಸಾಲಿನ ಒಂದು ನಿಲ್ದಾಣ ಎಂದಷ್ಟೇ ಹೇಳುತ್ತೇನೆ. ಯಾವುದೆಂದು ಬರೆಯುವುದಿಲ್ಲ. ನೌಕರಿ ಇನ್ನೂ ಬಾಕಿ ಇದೆ.

ಯೋಜನೆ ಕಾಗದದ ಮೇಲೆ ಸುಂದರವಾಗಿತ್ತು. ಕಲ್ಲಿನ ಕಮಾನುಗಳ ಹಳೆಯ ಮುಂಭಾಗವನ್ನು ಮುಟ್ಟುವ ಹಾಗಿಲ್ಲ. ಅದರ ಹಿಂದೆ, ಹಳಿಗಳ ಮೇಲೆ, ಈ ಕಡೆಯಿಂದ ಆ ಕಡೆಯವರೆಗೆ ಒಂದು ವಿಶಾಲ ಅಂಗಳ. ಜನ ಅಲ್ಲೇ ಕೂತು ಕಾಯಬೇಕು, ಗಾಡಿ ಬಂದಾಗ ಎಸ್ಕಲೇಟರಿನಲ್ಲಿ ಇಳಿಯಬೇಕು. ಆ ಅಂಗಳವನ್ನು ಹೊರುವ ಕಂಬಗಳು ಹಳಿಗಳ ನಡುವೆ ಎಲ್ಲಿ ಬರುತ್ತವೋ ಸರಿಯಾಗಿ ಅಲ್ಲಿಯೇ ಉತ್ತರದ ಹಳೆಯ ಮೇಲ್ಸೇತುವೆಯ ಮೆಟ್ಟಿಲುಗಳಿದ್ದವು. ಹಾಗಾಗಿ ಮೊದಲು ಆ ಸೇತುವೆಯನ್ನು ಕೆಡವಬೇಕು. ಅಲ್ಲಿಂದ ಅಂಗಳ ಏಳುವವರೆಗೆ ಇಡೀ ನಿಲ್ದಾಣದ ಜನ ದಕ್ಷಿಣದ ಒಂದೇ ಸೇತುವೆಯ ಮೇಲೆ ಹಾಯಬೇಕು. ಗಾಡಿಗಳನ್ನಂತೂ ನಿಲ್ಲಿಸುವ ಮಾತೇ ಇಲ್ಲ.

ದಕ್ಷಿಣದ ಸೇತುವೆಯೊಂದೇ ಸಂಜೆಯ ಜನವನ್ನು ತಾಳಿಕೊಳ್ಳುತ್ತದೆಯೇ? ನನ್ನ ಮುಂದಿದ್ದ ಪ್ರಶ್ನೆ ಇಷ್ಟೇ. ತಾಳಿಕೊಳ್ಳುತ್ತದೆ ಎಂದು ಬರೆದು ನಾನು ಸಹಿ ಹಾಕಬೇಕಿತ್ತು. ಮೆಟ್ಟಿಲ ಮೇಲೆ ಒಬ್ಬರು ಜಾರಿದರೆ ಹಿಂದಿನವರಿಗೆ ಗೊತ್ತಾಗುವುದಿಲ್ಲ, ಅವರು ಒತ್ತುತ್ತಲೇ ಇರುತ್ತಾರೆ. ಆ ಮೇಲೆ ಏನಾಗುತ್ತದೆಂದು ರೈಲ್ವೆಯಲ್ಲಿ ಕೆಲಸ ಮಾಡುವ ಯಾರಿಗೂ ವಿವರಿಸಬೇಕಾಗಿಲ್ಲ.

ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂತೆ. ನನ್ನ ಹೆಂಡತಿಗೆ ಈ ಕೂರುವ ಭಂಗಿ ಚೆನ್ನಾಗಿ ಗೊತ್ತು.

"ಎಲ್ಲಾ ಸರಿ ಐತಿ ಅಂತ ಆ ಹುಡುಗಿ ಹೇಳ್ಯಾಳಂತೀರಿ. ಮತ್ಯಾಕ ಮಾರಿ ಸಣ್ಣದು ಮಾಡ್ಕೊಂಡ್ ಕುಂತೀರಿ?"

"ಎಲ್ಲಾ ಸರಿ ಐತಿ ಅಂದದ್ದಕ್ಕ ಚಿಂತಿ."

"ಹಂಗಾರ ಹೋಗಿ ಒಮ್ಮಿ ಕಣ್ಲೆ ನೋಡಿ ಬರ್ರಿ. ಇಲ್ಲೆ ಕುಂತು ನನ್ನ ತಲಿ ತಿನಬ್ಯಾಡ್ರಿ. ಚಿಂತಿ ಮಾಡಾಕ ಸರಕಾರ ಪಗಾರ ಕೊಡೂದು ನಿಮ್ಮೊಬ್ರಿಗೇ ನೋಡ್ರಿ."

ಇಲ್ಲೇ ಹುಟ್ಟಿ ಬೆಳೆದ ಮಗಳು ಫೋನಿನಿಂದ ಕಣ್ಣೆತ್ತದೆ, "ಪಪ್ಪಾ, ಶಾಂತಿ ರಾಖೋ" ಎಂದಳು, ಸಮಾಧಾನವಾಗಿರಿ ಎಂದು. ನನ್ನ ವಿಷಯದಲ್ಲಿ ಅವಳು ಬಳಸುವ ಗುಜರಾತಿಯೆಲ್ಲ ಈ ಎರಡು ಮಾತಿನಲ್ಲಿ ಮುಗಿಯುತ್ತದೆ.

ಮರುದಿನ ಸಂಜೆ ದಕ್ಷಿಣದ ಸೇತುವೆ ಹತ್ತಿದೆ.

ಅದು ಸೇತುವೆಯಾಗಿರಲಿಲ್ಲ, ಚಾವಡಿಯಾಗಿತ್ತು. ಕಟಕಟೆಗೆ ಬೆನ್ನು ಕೊಟ್ಟು ಸಾಲಾಗಿ ಜನ ನಿಂತಿದ್ದರು. ಡಬ್ಬಿ ತೆರೆದು ಮೆಂತ್ಯದ ರೊಟ್ಟಿ ಥೇಪ್ಲಾ ಹಂಚುತ್ತಿದ್ದ ಹೆಂಗಸರು, ಎತ್ತಿ ಹಿಡಿದ ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ಎಸೆಯುತ್ತಿದ್ದ ನಾಲ್ವರು, ಅವರ ನಡುವೆ ಶೇಂಗಾ ಮಾರುವವನು. ಇಲ್ಲಿಯವರು ಇವರನ್ನು 'ಅಪ್‌ಡೌನ್‌ವಾಲಾ' ಎನ್ನುತ್ತಾರೆ. ಒಂದು ಊರಲ್ಲಿ ಮನೆ, ಇನ್ನೊಂದರಲ್ಲಿ ನೌಕರಿ. ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬಂದು ಮಾಡುವ ಜನ. ನಡೆಯುವವರು ಇವರ ನಡುವೆ ಉಳಿದ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತಿದ್ದರು.

ಥೇಪ್ಲಾ ಹಂಚುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಹೋಗಿ ಕೇಳಿದೆ; ಇಲ್ಲಿ ಹೆಂಗಸರನ್ನು ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. ನಂತರ ತಿಳಿದಂತೆ, ಕಾಲೇಜೊಂದರಲ್ಲಿ ಅಕೌಂಟೆನ್ಸಿ ಕಲಿಸುವವರು, ನನಗಿಂತ ನಾಲ್ಕಾರು ವರ್ಷ ಹಿರಿಯರು, ಆ ಗುಂಪಿನಲ್ಲಿ ಅವರ ಮಾತೇ ಮಾತು. ನಮ್ಮ ಸಂಭಾಷಣೆ ಹಿಂದಿಯಲ್ಲಿ ನಡೆಯಿತು, ನಡುನಡುವೆ ಅವರ ಗುಜರಾತಿ.

"ಯಾವ ಗಾಡಿಗೆ ಕಾಯ್ತಿದ್ದೀರಿ, ಬೆನ್?"

"ಲೋಕಲ್‌ಗೆ."

"ಹಾಗಾದರೆ ಕೆಳಗೆ ಹೋಗಿ ನಿಲ್ಲಬಾರದೇ? ಇಲ್ಲಿ ಎಷ್ಟು ಇಕ್ಕಟ್ಟು."

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಕೆಳಗೆ ಅಂದರೆ ಯಾವ ಕೆಳಗೆ, ಭಾಯಿ? ಕೆಳಗೆ ಏಳು ಪ್ಲಾಟ್‌ಫಾರ್ಮ್ ಇವೆ."

ಆಗ ಅರ್ಥವಾಯಿತು. ದೂರದ ಎಕ್ಸ್‌ಪ್ರೆಸ್‌ಗಳು ತಡವಾದಂತೆಲ್ಲ ಲೋಕಲ್‌ಗೆ ಖಾಲಿ ಸಿಕ್ಕ ಪ್ಲಾಟ್‌ಫಾರ್ಮ್ ಕೊಡುತ್ತಾರೆ. ಘೋಷಣೆ ಆಗುವ ಹೊತ್ತಿಗೆ ಗಾಡಿ ಹತ್ತಿರ ಬಂದಿರುತ್ತದೆ. ಒಂದರಲ್ಲಿ ನಿಂತವನು ಐದಕ್ಕೆ ಓಡುವಷ್ಟರಲ್ಲಿ ಸೀಟಿರಲಿ, ಗಾಡಿಯೇ ಇರುವುದಿಲ್ಲ. ಆದ್ದರಿಂದ ಅನುಭವಸ್ಥರು ಯಾವ ಪ್ಲಾಟ್‌ಫಾರ್ಮಿಗೂ ಇಳಿಯುವುದಿಲ್ಲ. ಎಲ್ಲಕ್ಕೂ ಮೇಲೆ ನಡುವೆ ನಿಂತು, ದೂರದಲ್ಲಿ ಹಳಿಗಳು ಕವಲೊಡೆಯುವ ಜಾಗವನ್ನು ನೋಡುತ್ತಿರುತ್ತಾರೆ. ಎಂಜಿನ್ ಯಾವ ಕಡೆ ವಾಲಿತೋ ಅದರ ಮೇಲೆ ಲೆಕ್ಕ.

"ತ್ರಣ್! ತ್ರಣ್ ನಂಬರ್!" ಎಂದು ಯಾರೋ ಕೂಗಿದರು. ಮೂರನೆಯ ಪ್ಲಾಟ್‌ಫಾರ್ಮ್. ಡಬ್ಬಿಗಳು ಮುಚ್ಚಿದವು, ಇಸ್ಪೀಟು ಜೇಬು ಸೇರಿತು, ಚಾವಡಿ ಹೊಳೆಯಾಯಿತು. ಆ ಹೊಳೆಯಲ್ಲಿ ನಾನೂ ಇದ್ದೆ. ನನ್ನ ಕಾಲು ಮೆಟ್ಟಿಲನ್ನು ಮುಟ್ಟಿತೋ ಇಲ್ಲವೋ ಹೇಳಲಾರೆ. ಮುಂದಿನವರ ಬೆನ್ನು, ಹಿಂದಿನವರ ಚೀಲ, ನಡುವೆ ರೈಲ್ವೆ ಎಂಜಿನಿಯರ್. ಮೂರನೆಯ ಪ್ಲಾಟ್‌ಫಾರ್ಮಿಗೆ ಹೋಗುವ ಯಾವ ಉದ್ದೇಶವೂ ಇಲ್ಲದೆ ಅಲ್ಲಿ ತಲುಪಿದೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಗಾಡಿಯೊಳಗೂ ಹೋಗುತ್ತಿದ್ದೆನೇನೋ. ಕಂಬ ಹಿಡಿದು ಬಚಾವಾದೆ. ಶರ್ಟಿನ ಜೇಬಿನ ಪೆನ್ನು ಹೋಗಿತ್ತು. 

ಅದು ಎರಡು ಸೇತುವೆಗಳಿದ್ದಾಗಿನ ಕಥೆ. ಒಂದೇ ಉಳಿದರೆ?

ವಿಷಯ ಕೇಳಿ ಆರ್ಕಿಟೆಕ್ಟ್ ಹುಡುಗಿ ಸಪ್ಪಗಾದಳು. ನಮ್ಮ ಎಣಿಕೆಯಲ್ಲಿ ಸುಳ್ಳಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಕ್ಯಾಮೆರಾ ಇಟ್ಟು ಹತ್ತಿದವರನ್ನೂ ಇಳಿದವರನ್ನೂ ಎಣಿಸಿದ್ದೆವು, ಎರಡೂ ತಾಳೆಯಾಗಿತ್ತು. ಆದರೆ ಹತ್ತಿದವರು ಮೇಲೆ ಎಷ್ಟು ಹೊತ್ತು ಇದ್ದರು ಎಂದು ಯಾರೂ ನೋಡಿರಲಿಲ್ಲ. ಸೇತುವೆ ಎಂದರೆ ದಾಟುವ ಜಾಗ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ, ಕಂಪ್ಯೂಟರೂ ನಂಬಿತ್ತು. ಜಗತ್ತಿನ ಸಕಲ ವಿಷಯಗಳ ಬಗ್ಗೆ ಮುಂಗಡ ಚಿಂತೆ ಮಾಡುವ ನಾನು ಇದೊಂದನ್ನು ಬಿಟ್ಟಿದ್ದೆ.

ಇಬ್ಬರೂ ಸ್ಟಾಪ್‌ವಾಚ್ ಹಿಡಿದು ಕೆಲವು ಸಂಜೆ ಸೇತುವೆಯ ಮೇಲೆ ಕಳೆದೆವು. ಹೊಸ ಲೆಕ್ಕ ಹಾಕಿ ಚುಕ್ಕೆಗಳನ್ನು ಓಡಿಸಿದರೆ, ಈ ಸಲ ಚುಕ್ಕೆಗಳು ನಿಂತವು. ಉತ್ತರದ ಸೇತುವೆಯನ್ನು ತೆಗೆದು ನೋಡಿದರೆ ಪರದೆಯ ತುಂಬ ಕುಂಕುಮ ಚೆಲ್ಲಿದ ಹಾಗಾಯಿತು.

ನಮ್ಮ ಮುಖ್ಯ ಎಂಜಿನಿಯರ್ ಸಾಹೇಬರು ಉತ್ತರ ಭಾರತದವರು, ದೊಡ್ಡ ದನಿ, ಸಣ್ಣ ತಾಳ್ಮೆ. ನನ್ನ ಸಹಿಯಿಲ್ಲದೆ ಟೆಂಡರಿನ ಕೆಲಸ ಮುಂದೆ ಸಾಗುವಂತಿರಲಿಲ್ಲ. "ನಿಲ್ಲುತ್ತಾರೆ ಅಂದರೆ ನಿಲ್ಲಬೇಡಿ ಅಂತ ಹೇಳಿ. ಅದರಲ್ಲೇನು ಎಂಜಿನಿಯರಿಂಗ್?" ಎಂದರು.

ಹೇಳಿದೆವು. ಮೂರು ಭಾಷೆಯಲ್ಲಿ ಫಲಕ ಹಾಕಿದೆವು. ಸೀಟಿ ಊದಲು ಇಬ್ಬರು ಭದ್ರತಾ ಸಿಬ್ಬಂದಿಯನ್ನು ನಿಲ್ಲಿಸಿದೆವು. ಮೊದಲ ದಿನ ಸೀಟಿ ಕೇಳಿದ್ದೇ ಜನ ನಡೆಯತೊಡಗಿದರು. ಸೇತುವೆಯ ಈ ತುದಿಯಿಂದ ಆ ತುದಿಗೆ, ಅಲ್ಲಿ ತಿರುಗಿ ಮತ್ತೆ ಈ ತುದಿಗೆ. ಯಾರೋ ಚಪ್ಪಾಳೆ ತಟ್ಟತೊಡಗಿದರು. ಎರಡನೆಯ ದಿನದ ಹೊತ್ತಿಗೆ ಹೆಂಗಸರು ತಾಳಕ್ಕೆ ಹೆಜ್ಜೆ ಹಾಕುತ್ತ ಸುತ್ತುತ್ತಿದ್ದರು. ನವರಾತ್ರಿಗೆ ಇನ್ನೂ ತಿಂಗಳುಗಳಿದ್ದವು, ನಮ್ಮ ಮೇಲ್ಸೇತುವೆಯಲ್ಲಿ ಗರ್ಬಾ ಆರಂಭವಾಗಿತ್ತು. ಅಕೌಂಟೆನ್ಸಿ ಬೆನ್ ನನ್ನ ಮುಂದೆ ಹಾಯುವಾಗ, "ಸಾಹೇಬ್, ನಿಂತಿಲ್ಲ, ನೋಡಿ. ಕಾನೂನು ಪಾಲಿಸ್ತಿದ್ದೇವೆ" ಎಂದರು. ನಾನು ಯಾರೆಂದು ಅಷ್ಟರಲ್ಲಿ ಪತ್ತೆ ಮಾಡಿದ್ದರು. ಸೀಟಿ ಊದುವವನೂ ನಗುತ್ತಿದ್ದ. ಫಲಕ ತೆಗೆಸಿದೆ.

ಎರಡನೆಯ ಉಪಾಯ ತಾತ್ಕಾಲಿಕ ಉಕ್ಕಿನ ಸೇತುವೆ. ಅದರ ಕಾಲುಗಳಿಗೆ ಜಾಗ ಸಿಕ್ಕೀತೇ ಎಂದು ಪ್ಲಾಟ್‌ಫಾರ್ಮಿನಲ್ಲಿ ಪರೀಕ್ಷೆಯ ಗುಂಡಿ ತೋಡಿಸಿದೆ. ಆಳು ಮುಳುಗುವಷ್ಟು ತೋಡಿದಾಗ ಇಟ್ಟಿಗೆಯ ಕಮಾನು ಬಡಿಯಿತು. ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಚರಂಡಿ, ಇವತ್ತಿಗೂ ಊರಿನ ನೀರು ಸಾಗಿಸುತ್ತಿತ್ತು. ಅದರ ತಲೆಯ ಮೇಲೆ ಭಾರ ಹೇರುವ ಧೈರ್ಯ ಯಾರಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ. ಗುಂಡಿ ಮುಚ್ಚಿಸಿದೆ. ಮುಚ್ಚಿದ ಮೇಲೆ ಗಟ್ಟಿಯಾಗಿ ಮುಚ್ಚಿದ್ದಾರೆಯೇ ಎಂದು ನೋಡಲು ಎರಡು ಸಲ ಹೋದೆ.

ಉಳಿದದ್ದು ಒಂದೇ ದಾರಿ. ಜನ ಮೇಲೆ ನಿಲ್ಲುವುದು ಕೆಳಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದ್ದರಿಂದ. ಸಂಜೆಯ ಲೋಕಲ್‌ಗಳಿಗೆ ಕಾಯಂ ಪ್ಲಾಟ್‌ಫಾರ್ಮ್ ಕೊಟ್ಟುಬಿಟ್ಟರೆ?

ಅದು ನನ್ನ ಕೈಲಿರಲಿಲ್ಲ. ಗಾಡಿ ಓಡಿಸುವುದು ಸಂಚಾರ ವಿಭಾಗ. ಅಲ್ಲಿನ ಅಧಿಕಾರಿ ನನ್ನ ವಯಸ್ಸಿನವರೇ, ಮೃದುವಾಗಿ ಮಾತಾಡಿ ಗಟ್ಟಿಯಾಗಿ ಇಲ್ಲ ಎನ್ನುವವರು.

"ಪ್ಲಾಟ್‌ಫಾರ್ಮ್ ನಿಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್ ಅಲ್ಲ ಸರ್, ಹೆಸರು ಬರೆದು ಹಗ್ಗ ಕಟ್ಟೋಕೆ. ಎಕ್ಸ್‌ಪ್ರೆಸ್ ತಡವಾಗಿ ಬಂದರೆ ನಾನು ಅದನ್ನು ತಲೆ ಮೇಲೆ ಇಟ್ಕೊಳ್ಲಾ?"

"ಎಲ್ಲಾ ಗಾಡಿ ಬೇಡ. ಸಂಜೆ ಜನ ತುಂಬುವ ನಾಲ್ಕೈದು ಮಾತ್ರ."

"ಆ ನಾಲ್ಕೈದೇ ನನ್ನನ್ನು ನುಂಗೋ ಗಾಡಿಗಳು."

ಅವರ ಕೋಣೆಗೆ ಎಷ್ಟು ಸಲ ಹೋದೆನೋ. ಅವರ ಜವಾನ ನನ್ನನ್ನು ಕಂಡಕೂಡಲೇ ಕೇಳದೆಯೇ ಚಹಾ ತರುವಷ್ಟು. ಅವರ ಗಾಡಿಗಳ ವೇಳೆಯನ್ನೂ ಪ್ಲಾಟ್‌ಫಾರ್ಮುಗಳನ್ನೂ ಗೀಟೆಳೆದು ತೋರಿಸುವ ಉದ್ದದ ನಕ್ಷೆಯನ್ನು ಹಾಸಿಕೊಂಡು ನಾವಿಬ್ಬರೂ ಪೆನ್ಸಿಲಿನಲ್ಲಿ ಗಾಡಿಗಳನ್ನು ಸರಿಸುತ್ತ ಕೂತೆವು. ತೊಳೆಯುವ ಯಾರ್ಡಿಗೆ ಹೋಗುವ ಖಾಲಿ ಬೋಗಿಗಳನ್ನು ಬೇರೆ ಹೊತ್ತಿಗೆ ಎಳೆದರೆ ನಾಲ್ಕನೆಯ ಪ್ಲಾಟ್‌ಫಾರ್ಮ್ ಸಂಜೆ ಹೊತ್ತು ಬಹುಪಾಲು ಬಿಡುವಾಗುತ್ತದೆ ಎಂದು ಕಂಡಿತು. ಕೊನೆಗೆ ಅವರು ಒಪ್ಪಿದರು. ಒಪ್ಪಿದ್ದನ್ನು ನಂಬಲಾರದೆ, "ನಿಜವಾಗಿಯೂ?" ಎಂದು ಕೇಳಿದೆ. "ಇನ್ನೊಂದು ಸಲ ಕೇಳಿದರೆ ಇಲ್ಲ ಅಂತೀನಿ" ಎಂದರು.

ಹೊಸ ಫಲಕ ಹಾಕಿದೆವು: ಸಂಜೆಯ ಲೋಕಲ್‌ಗಳು ಪ್ಲಾಟ್‌ಫಾರ್ಮ್ ನಾಲ್ಕು. ಧ್ವನಿವರ್ಧಕದಲ್ಲಿ ಹೇಳಿಸಿದೆವು. ಮೊದಲ ಸಂಜೆ ನಾನು ನಾಲ್ಕನೆಯ ಪ್ಲಾಟ್‌ಫಾರ್ಮಿನಲ್ಲಿ ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯ ಹಾಗೆ ನಿಂತೆ. ಯಾರೂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಸೇತುವೆಯ ಮೇಲೆ ಎಲ್ಲರೂ ಇದ್ದರು. ಗಾಡಿ ನಾಲ್ಕಕ್ಕೇ ಬಂತು. ಅದು ಆ ಕಡೆ ವಾಲುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಇಳಿದರು. ಮರುದಿನವೂ ಅಷ್ಟೇ, ಮುಂದಿನ ವಾರವೂ ಅಷ್ಟೇ.

ಸೇತುವೆ ಹತ್ತಿ ಬೆನ್ ಮುಂದೆ ನಿಂತೆ. "ದಿನಾ ನಾಲ್ಕಕ್ಕೇ ಬರ್ತಿದೆಯಲ್ಲ. ಇನ್ನೂ ಯಾಕೆ ಇಲ್ಲಿ?"

"ಬರ್ತಿದೆ. ಒಂದು ದಿನ ಬರಲ್ಲ."

"ಆ ಒಂದು ದಿನಕ್ಕಾಗಿ ದಿನಾ ಇಲ್ಲಿ ನಿಲ್ತೀರಾ?"

"ಸಾಹೇಬ್, ಆ ಒಂದು ದಿನ ಗಾಡಿ ತಪ್ಪೋದು ಯಾರಿಗೆ? ನಿಮಗೋ ನನಗೋ? ನನ್ನ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳೋಕೆ ಬರೋ ಹೆಂಗಸು ನಾನು ಮನೆ ಸೇರೋವರೆಗೂ ಕಾಯಲ್ಲ, ಅವಳದ್ದೂ ಲೋಕಲ್ ಇದೆ." ಪಕ್ಕದವರ ಕಡೆ ತಿರುಗಿ, "ಇವರ ಫಲಕ ಬಲು ಚೆಂದ ಇದೆ ಹಾಂ. ಅಕ್ಷರ ದಪ್ಪಗಿವೆ" ಎಂದರು. ಎಲ್ಲರೂ ನಕ್ಕರು.

ಮನೆಗೆ ಹೋಗುವಾಗ ಯೋಚಿಸಿದೆ. ಬಾಗಿಲ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು ನಾನು. ನನ್ನಂಥ ಸಾವಿರ ಜನ ಆ ಸೇತುವೆಯ ಮೇಲಿದ್ದರು. ನನಗೆ ಯಾರಾದರೂ ಬರೀ ಫಲಕ ತೋರಿಸಿದರೆ ನಾನು ಇಳಿಯುತ್ತಿದ್ದೆನೇ? ಎಂದೂ ಇಲ್ಲ. ಗಾಡಿ ಬೇರೆ ಕಡೆ ಬಂದರೂ ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಖಾತ್ರಿಯಾದರೆ ಮಾತ್ರ ಇಳಿಯುತ್ತಿದ್ದೆ.

ಮುಂದಿನ ಸಭೆಯಲ್ಲಿ ಎಲ್ಲ ವಿಭಾಗದವರೂ ಇದ್ದರು. ನಾನು ಕೇಳಿದೆ: ಅಪರೂಪಕ್ಕೆ ಪ್ಲಾಟ್‌ಫಾರ್ಮ್ ಬದಲಾದರೆ, ಮೆಟ್ಟಿಲ ಮೇಲಿನ ಕೊನೆಯ ಪ್ರಯಾಣಿಕ ಇಳಿಯುವವರೆಗೆ ಗಾಡಿಗೆ ಹೊರಡುವ ಸಿಗ್ನಲ್ ಕೊಡಬಾರದು. ಇದನ್ನು ಜನರಿಗೆ ಮೊದಲೇ ಘೋಷಿಸಬೇಕು.

ಸಂಚಾರ ಅಧಿಕಾರಿ ನಕ್ಕರು. "ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ. ಆ ತಡ ಯಾರ ಲೆಕ್ಕಕ್ಕೆ?"

ರೈಲ್ವೆಯ ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿ ತಡವಾದರೆ ಆ ತಡವನ್ನು ಯಾವುದಾದರೊಂದು ವಿಭಾಗದ ತಲೆಗೆ ಕಟ್ಟುತ್ತಾರೆ. ಹಳಿಯದಾದರೆ ಎಂಜಿನಿಯರಿಂಗ್, ಸಿಗ್ನಲ್ಲಿನದಾದರೆ ಸಿಗ್ನಲ್ ವಿಭಾಗ. ಪ್ರತಿ ಬೆಳಿಗ್ಗೆ ಇದಕ್ಕಾಗಿ ಅಣ್ಣತಮ್ಮಂದಿರು ಆಸ್ತಿಗೆ ಕಾದಾಡುವ ಹಾಗೆ ಕಾದಾಟ, ವ್ಯತ್ಯಾಸವೇನೆಂದರೆ ಇಲ್ಲಿ ಪಾಲು ಬೇಡವೆಂದು ಜಗಳ. ಹಳಿಯ ಪಕ್ಕ ಎಮ್ಮೆ ನಿಂತು ಗಾಡಿ ತಡವಾದರೆ, ಎಮ್ಮೆ ಯಾವ ವಿಭಾಗದ್ದು ಎಂದು ವಾದಿಸಿದ್ದನ್ನು ನಾನೇ ಕೇಳಿದ್ದೇನೆ. ಇನ್ನೊಬ್ಬರ ತಡವನ್ನು ತಾನಾಗಿ ಕೇಳಿ ಪಡೆದವರು ನಮ್ಮಲ್ಲಿ ಹುಟ್ಟಿರಲಿಲ್ಲ.

"ಎಂಜಿನಿಯರಿಂಗ್ ಲೆಕ್ಕಕ್ಕೆ ಬರ್ಕೊಳ್ಳಿ" ಎಂದು ಯಾರೋ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದಾಗ ಅದು ನಾನೇ ಎಂದು ತಿಳಿಯಿತು.

ಮೇಜಿನ ಕೆಳಗೆ ನಮ್ಮ ಸಾಹೇಬರ ಬೂಟು ನನ್ನ ಕಾಲನ್ನು ಹುಡುಕಿತು, ಸಿಕ್ಕಿತು. ಸಂಚಾರ ಅಧಿಕಾರಿ ಕನ್ನಡಕ ತೆಗೆದರು. "ಪೂರ್ತಿ ತಡ?"

"ಮೆಟ್ಟಿಲು ಖಾಲಿಯಾಗುವವರೆಗಿನ ಪೂರ್ತಿ ತಡ. ಹಿಂದಿನ ಗಾಡಿಗಳದ್ದೂ ಸೇರಿ. ಸೇತುವೆ ಕೆಡವಿ ಹೊಸ ಅಂಗಳ ತೆರೆಯುವವರೆಗೆ."

"ಹಾಗಾದರೆ ನನ್ನ ಅಡ್ಡಿ ಇಲ್ಲ" ಎಂದರು. ನಾನು ಮನಸ್ಸು ಬದಲಿಸಿಯೇನೆಂದು ಹೆದರಿದವರಂತೆ ಕೂಡಲೇ ಬರೆದುಕೊಂಡರು.

ಹೊರಗೆ ಬಂದಮೇಲೆ ಸಾಹೇಬರು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಬೈದರು. ಅಪ್ಪನ ಮನೆಯ ಗಂಟೇ, ಎಂದರು. ಮೇಲಿನವರಿಗೆ ಏನು ಉತ್ತರ ಕೊಡಲಿ, ಎಂದರು. ನಾನು ಮೆಟ್ಟಿಲ ಮೇಲೆ ಆ ಸಂಜೆ ನನ್ನ ಕಾಲು ನೆಲ ಬಿಟ್ಟದ್ದನ್ನು ಮಾತ್ರ ಹೇಳಿದೆ. ಬೈಗುಳ ಅಲ್ಲಿಗೆ ನಿಂತಿತು. "ಮುಂದಿನ ಸಲ ನನ್ನ ಲೆಕ್ಕ ದಾನ ಮಾಡೋ ಮೊದಲು ನನ್ನನ್ನೊಮ್ಮೆ ಕೇಳು, ಭಾಯಿ" ಎಂದು ಹೇಳಿ ಹೋದರು. ಅದು ಒಪ್ಪಿಗೆ ಎಂದು ತಿಳಿಯಲು ನನಗೆ ಒಂದು ದಿನ ಹಿಡಿಯಿತು.

ಘೋಷಣೆ ಶುರುವಾಯಿತು: ಬದಲಾದರೂ ಗಾಡಿ ನಿಮಗಾಗಿ ಕಾಯುತ್ತದೆ, ಓಡಬೇಡಿ. ಬೆನ್ ಕೇಳಿಸಿಕೊಂಡು ಹುಬ್ಬೇರಿಸಿದರು. "ಚಾಲೋ, ಇದನ್ನೂ ನೋಡೋಣ" ಎಂದು ತಮ್ಮ ಗುಂಪನ್ನು ಕರೆದುಕೊಂಡು ಇಳಿದರು. ಅವರ ಹಿಂದೆ ಒಂದಿಷ್ಟು ಜನ ಇಳಿದರು. ಅರ್ಧದಷ್ಟು ಜನ ಮೇಲೆಯೇ ಉಳಿದು ಇಳಿದವರನ್ನು ಚುಡಾಯಿಸಿದರು. ಈಗ ನನ್ನ ಚಿಂತೆಗೆ ಹೊಸ ಮೇವು ಸಿಕ್ಕಿತು. ಮೊದಲು ಯಾರೂ ನನ್ನನ್ನು ನಂಬಿರಲಿಲ್ಲ, ಹಾಗಾಗಿ ಮೋಸ ಹೋಗುವ ಪ್ರಶ್ನೆಯೂ ಇರಲಿಲ್ಲ. ಇನ್ನು ಮೇಲೆ ಗಾಡಿ ತಪ್ಪಿದರೆ ತಪ್ಪುವುದು ನನ್ನ ಮಾತು ಕೇಳಿ ಇಳಿದವರಿಗೆ.

ಆ ದಿನ ಬಂತು. ಒಂದು ಸರಕು ಗಾಡಿ ಕೆಟ್ಟು ನಾಲ್ಕನೆಯ ಹಳಿಯ ಬಾಯಲ್ಲೇ ನಿಂತಿತು. ಲೋಕಲ್ ಒಂದನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಘೋಷಣೆಯಾಯಿತು. ದಿನದ ಹಾಗೆ ನಾನೂ ಅಲ್ಲೇ ಇದ್ದೆ. ಸೇತುವೆಯ ಮೇಲಿದ್ದವರು ಗೆದ್ದವರ ಗದ್ದಲ ಮಾಡುತ್ತ ಒಂದಕ್ಕೆ ಇಳಿದರು. ನಾಲ್ಕರಲ್ಲಿದ್ದವರು ಮೆಟ್ಟಿಲ ಕಡೆ ನುಗ್ಗಿದರು. ನಾನು ಧ್ವನಿವರ್ಧಕಕ್ಕಿಂತ ಗಟ್ಟಿಯಾಗಿ "ಗಾಡಿ ನಿಲ್ಲುತ್ತೆ, ಓಡಬೇಡಿ" ಎಂದು ಕೂಗುತ್ತ ಓಡಿದೆ. ಓಡಬೇಡಿ ಎನ್ನುತ್ತ ಓಡುವವನ ಮಾತನ್ನು ಯಾರು ಕೇಳುತ್ತಾರೆ?

ಗಾಡಿ ಬಂದು ನಿಂತಿತು. ಹೊರಡುವ ಹೊತ್ತಾಯಿತು. ಸಿಗ್ನಲ್ ಕೆಂಪಾಗಿಯೇ ಇತ್ತು. ಚಾಲಕ ಒಮ್ಮೆ ಹಾರ್ನ್ ಊದಿದ. ಮೆಟ್ಟಿಲ ಬುಡದಲ್ಲಿ ನಿಂತ ಸಿಬ್ಬಂದಿ ವಾಕಿಟಾಕಿಯಲ್ಲಿ, "ಇನ್ನೂ ಇದ್ದಾರೆ, ಇನ್ನೂ ಇದ್ದಾರೆ" ಎನ್ನುತ್ತಿದ್ದ. ಸಿಗ್ನಲ್ ಬದಲಾಗದ್ದನ್ನು ಮೇಲಿನಿಂದ ಜನ ನೋಡಿದರು. ಓಟ ನಡಿಗೆಯಾಯಿತು. ಮೆಟ್ಟಿಲ ಮೇಲೆ ಹೆಗಲಿಗೂ ಹೆಗಲಿಗೂ ನಡುವೆ ಮೊದಲ ಸಲ ಬೆಳಕು ಕಂಡಿತು.

ನನ್ನ ಫೋನು ರಿಂಗಾಯಿತು. ಸಂಚಾರ ಅಧಿಕಾರಿ.

"ಹಿಂದೆ ಎಕ್ಸ್‌ಪ್ರೆಸ್ ನಿಂತಿದೆ. ಇನ್ನೆಷ್ಟು ಹೊತ್ತು?"

"ಮೆಟ್ಟಿಲ ಮೇಲೆ ಜನ ಇದ್ದಾರೆ."

"ನಿಮ್ಮ ಲೆಕ್ಕಕ್ಕೆ."

"ನಮ್ಮ ಲೆಕ್ಕಕ್ಕೇ."

ಕೊನೆಗೆ ಮೆಟ್ಟಿಲ ಮೇಲೆ ಉಳಿದದ್ದು ಬೆನ್ ಒಬ್ಬರೇ. ಕಟಕಟೆ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ನಿಂತು, ಮತ್ತೊಂದು ಮೆಟ್ಟಿಲು. ಇಡೀ ಗಾಡಿ ಕಿಟಕಿಯಲ್ಲಿ ತಲೆ ಹಾಕಿ ನೋಡುತ್ತಿತ್ತು. ನಾನು ಹತ್ತಿರ ಹೋಗಿ, "ಮಂಡಿ ನೋವಾ ಬೆನ್?" ಎಂದೆ.

"ಮಂಡಿಗೆ ಏನೂ ಆಗಿಲ್ಲ" ಎಂದರು. "ಆಡಿಟ್ ಮಾಡ್ತಿದ್ದೀನಿ."

ಅವರು ಗಾಡಿ ಹತ್ತಿದ ಮೇಲೆಯೇ ಸಿಗ್ನಲ್ ಬದಲಾಯಿತು. ಗಾಡಿ ಹೊರಟಿತು. ನಾನು ಬೆಂಚಿನ ಮೇಲೆ ಕೂತೆ.

ಮರುದಿನ ಬೆಳಗಿನ ಜಗಳದಲ್ಲಿ ಆ ತಡ ನಮ್ಮ ಹೆಸರಿಗೆ ಬಿತ್ತು, ಜಗಳವಿಲ್ಲದೆ.  ಆ ವಾರದಿಂದ ಸೇತುವೆಯ ಮೇಲಿನ ಗುಂಪು ತೆಳುವಾಗತೊಡಗಿತು. ಮೊದಲು ಇಸ್ಪೀಟಿನವರು ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ಬಂದರು, ಅಲ್ಲಿ ಬೆಂಚಿತ್ತು. ಶೇಂಗಾದವನು ಬುಟ್ಟಿ ಹೊತ್ತು ಹಿಂದೆಯೇ ಇಳಿದ. ಆರ್ಕಿಟೆಕ್ಟ್ ಹುಡುಗಿ ಮತ್ತೆ ಸ್ಟಾಪ್‌ವಾಚ್ ಹಿಡಿದು ನಿಂತಳು. ಮತ್ತೆ ಚುಕ್ಕೆಗಳನ್ನು ಓಡಿಸಿದಳು. ಪರದೆ ಪೂರ್ತಿ ಹಸಿರಾಗಲಿಲ್ಲ. ಮೆಟ್ಟಿಲ ತಲೆಯಲ್ಲಿ ಹಳದಿ, ಒಂದು ಮೂಲೆಯಲ್ಲಿ ಕಿತ್ತಳೆ. ಪೂರ್ತಿ ಹಸಿರಾಗದ್ದಕ್ಕೇ ನನಗೆ ಸ್ವಲ್ಪ ನಂಬಿಕೆ ಬಂತು. ಕಿತ್ತಳೆಯ ಮೂಲೆಯಲ್ಲಿದ್ದ ಅಂಗಡಿಯೊಂದನ್ನು ತೆಗೆಸಲು ಬರೆದೆ. ಅದು ಹೋದ ಮೇಲೆ ಸಹಿ ಹಾಕಿದೆ. ಇಷ್ಟೊಂದು ಒತ್ತಿ ಬರೆದ ಸಹಿಯನ್ನು ನನ್ನ ಮದುವೆಯ ನೋಂದಣಿಯಲ್ಲೂ ಹಾಕಿರಲಿಲ್ಲ.

ಉತ್ತರದ ಸೇತುವೆಯನ್ನು ತುಂಡುತುಂಡಾಗಿ ಕ್ರೇನಿನಲ್ಲಿ ಇಳಿಸಿದರು. ಆ ಅವಧಿಯುದ್ದಕ್ಕೂ ಇಡೀ ನಿಲ್ದಾಣ ಒಂದೇ ಸೇತುವೆಯ ಮೇಲೆ ನಡೆಯಿತು. ಹಬ್ಬದ ನೂಕು ಬಂತು, ಮದುವೆಯ ಕಾಲ ಬಂತು, ಗಾಡಿಗಳು ತಡವಾದವು, ಪ್ಲಾಟ್‌ಫಾರ್ಮ್ ಬದಲಾದವು, ನಮ್ಮ ಲೆಕ್ಕಕ್ಕೆ ತಡ ಬಿದ್ದವು. ಮೆಟ್ಟಿಲ ಮೇಲೆ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನದು ಎಂದು ಎದೆ ತಟ್ಟಿಕೊಳ್ಳಬೇಕೆನಿಸುವುದು ಈ 'ಏನೂ ಆಗದ್ದು' ಒಂದೇ.

ಕೊನೆಯ ತುಂಡು ಇಳಿದ ಸಂಜೆ ನಾಲ್ಕನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೆ. ಸೇತುವೆ ಇದ್ದ ಕಡೆ ಬರೀ ಆಕಾಶ. ದಕ್ಷಿಣದ ಸೇತುವೆಯ ಮೇಲೆ ಜನ ನಡೆಯುತ್ತಿದ್ದರು, ಒಬ್ಬರೂ ನಿಂತಿರಲಿಲ್ಲ. ಲೋಕಲ್ ಬರುವ ಹೊತ್ತು. ಗಾಡಿಯ ಸುಳಿವು ಇನ್ನೂ ಇರಲಿಲ್ಲ, ಎಂಜಿನ್ ಯಾವ ಕಡೆ ವಾಲುತ್ತದೋ ಯಾರೂ ಕಂಡಿರಲಿಲ್ಲ.

ಬೆನ್ನಿಗೆ ಯಾರೋ ಬೆರಳಲ್ಲಿ ಚುಚ್ಚಿದರು. ತಿರುಗಿದರೆ ಬೆನ್, ಹಿಂದೆ ಅವರ ಪರಿವಾರ.

"ಸಾಹೇಬ್, ಸ್ವಲ್ಪ ಆ ಕಡೆ ಸರೀರಿ. ನಮ್ಮ ಬೋಗಿಯ ಬಾಗಿಲು ಸರಿಯಾಗಿ ಇಲ್ಲೇ ಬರೋದು."

ನಾನು ಸರಿದೆ. ನಾನು ನಿಂತಿದ್ದ ಜಾಗದಲ್ಲಿ ಅವರು ಚೀಲ ಕೆಳಗಿಟ್ಟು, ಹಳಿಯ ಕಡೆಗೊಮ್ಮೆಯೂ ನೋಡದೆ, ಡಬ್ಬಿ ತೆರೆದು ಥೇಪ್ಲಾ ಹಂಚತೊಡಗಿದರು.